ಲೆಕ್ಕದ ಪಾಠವೂ ನಮ್ಮ ಮಕ್ಕಳೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗೋವೆಯ ಕನ್ನಡಿಗರ ಸಭೆಯಲ್ಲಿ ಮಾತನಾಡಲು ನಿಂತವರು ಕದಂಬರ ಶಾಸನಗಳಿಂದ ಆರಂಭಿಸುವುದು ವಾಡಿಕೆ. ಅದು ಉಚಿತವಾದ ವಾಡಿಕೆಯೇ. ಆದರೆ ಕಾರ್ಯಕಾರೀ ಮಂಡಲದವರು ನನಗೆ ವಹಿಸಿಕೊಟ್ಟಿರುವ ವಿಷಯ ಬೇರೆ. ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ, ಸಂಶೋಧನೆಯ ಆಧಾರದ ಮೇಲೆ ರೂಪುಗೊಂಡ ಗಣಿತದ ಪಠ್ಯಕ್ರಮವನ್ನು ಅಂಗೀಕರಿಸುವ ವಿಚಾರವಾಗಿ ನಾನು ನಾಲ್ಕು ಮಾತು ಹೇಳಬೇಕಾಗಿದೆ. ಉತ್ಸವದ ದಿನವೂ ಲೆಕ್ಕದ ಮಾತೇ ಎಂದು ಮುಂದಿನ ಸಾಲಿನ ಚಿಕ್ಕವರು ಮುಖ ಸಣ್ಣದು ಮಾಡಿಕೊಂಡರೆ ನಾನು ಅವರನ್ನು ದೂರಲಾರೆ. ಆ ಮುಖಭಾವ ಎಲ್ಲಿಂದ ಬಂದಿತು, ಅದನ್ನು ಹೋಗಲಾಡಿಸುವ ಬಗೆ ಏನು ಎಂಬುದೇ ನನ್ನ ವಿಷಯವೆಂದರೂ ಸಲ್ಲುತ್ತದೆ.

ನಮ್ಮ ಜನ ಇಲ್ಲಿಗೆ ಬಂದದ್ದು ಹೊಟ್ಟೆಯ ಪಾಡಿಗಾಗಿ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ಬಂದು, ಮುರಗಾಂವದ ಬಂದರಿನಲ್ಲಿ, ಕಟ್ಟಡಗಳ ಮೇಲೆ, ರಸ್ತೆಯ ಕೆಲಸದಲ್ಲಿ, ಸಂತೆಪೇಟೆಗಳಲ್ಲಿ ದುಡಿದು, ಬಾಯ್ಣಾ, ಝುವಾರಿನಗರ ಮೊದಲಾದ ಕಡೆ ನೆಲೆಯೂರಿದವರು ನಾವು. ನಮ್ಮಲ್ಲಿ ಹಲವರು ಮಕ್ಕಳನ್ನು ಇಲ್ಲಿರುವ ಕೆಲವೇ ಕನ್ನಡ ಶಾಲೆಗಳಿಗೆ ಅಭಿಮಾನದಿಂದ ಕಳುಹಿಸಿದ್ದಾರೆ. ಗೋವೆಯಲ್ಲಿ ಪ್ರಾಥಮಿಕ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತದೆ; ಐದನೆಯದರಿಂದ ಆಚೆಗೆ ಶಾಲೆಗಳು ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದವು. ಕನ್ನಡದಲ್ಲಿ ಕೂಡಿ ಕಳೆದು ಗುಣಿಸಿದ ಮಗು, ಒಂದು ರಜೆ ಕಳೆಯುವಷ್ಟರಲ್ಲಿ ಅದೇ ಕೆಲಸವನ್ನು ಬೇರೊಂದು ಭಾಷೆಯಲ್ಲಿ ಮಾಡಬೇಕಾಗುತ್ತದೆ. ಇತಿಹಾಸ ಭೂಗೋಳಗಳನ್ನು ಬಾಯಿಪಾಠ ಮಾಡಿಯಾದರೂ ದಾಟಬಹುದು. ಗಣಿತದಲ್ಲಿ ಆ ಉಪಾಯ ನಡೆಯದು. ಅಲ್ಲಿ ಕೆಳಗಿನ ಮೆಟ್ಟಿಲು ಸಡಿಲವಾಗಿದ್ದರೆ ಮೇಲಿನದರ ಮೇಲೆ ಕಾಲು ನಿಲ್ಲುವುದಿಲ್ಲ. ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟು ತಂದೆಯ ಜೊತೆ ಕೆಲಸಕ್ಕೆ ಹೊರಟ ಹುಡುಗನನ್ನು ವಿಚಾರಿಸಿದರೆ, ಅವನ ಕಾಲು ಮೊದಲು ಜಾರಿದ್ದು ನಾಲ್ಕು ಐದರ ನಡುವಿನ ಆ ಹೊಸ್ತಿಲಿನಲ್ಲಿಯೇ ಎಂಬುದು ಬಹಳ ಸಲ ತಿಳಿದುಬರುತ್ತದೆ.

ಗೋವೆಯಲ್ಲಿ ಮಾಧ್ಯಮದ ಪ್ರಶ್ನೆಯ ಮೇಲೆ ನಡೆದಷ್ಟು ಚರ್ಚೆ ಬೇರಾವ ಶೈಕ್ಷಣಿಕ ಪ್ರಶ್ನೆಯ ಮೇಲೂ ನಡೆದಿಲ್ಲವೆಂದು ನನಗೆ ತೋರುತ್ತದೆ. ೧೯೯೦ರಲ್ಲಿ ಸರಕಾರ ಪ್ರಾದೇಶಿಕ ಭಾಷೆಯ ಪ್ರಾಥಮಿಕ ಶಾಲೆಗಳಿಗೆ ಮಾತ್ರ ಅನುದಾನವೆಂದಿತು. ೨೦೧೧ರಲ್ಲಿ ಇಂಗ್ಲಿಷಿಗೂ ಅನುದಾನದ ಬಾಗಿಲು ತೆರೆಯಿತು. ಎರಡು ಸಲವೂ ಬೀದಿಯಲ್ಲಿ ಮೆರವಣಿಗೆಗಳಾದವು. ಯಾವ ಭಾಷೆಯಲ್ಲಿ ಕಲಿಸಬೇಕೆಂಬ ಈ ವಾದದ ಗದ್ದಲದಲ್ಲಿ, ಏನನ್ನು ಯಾವ ಕ್ರಮದಿಂದ ಕಲಿಸಬೇಕೆಂಬ ಮಾತು ಕೇಳದೇ ಹೋಯಿತು. ಈ ಎರಡು ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿರುವ ಬಗೆಯನ್ನು, ಅದರಲ್ಲಿಯೂ ನಮ್ಮ ಕನ್ನಡ ಮಕ್ಕಳ ಪಾಲಿಗೆ, ಇಂದು ತೋರಿಸಲು ಯತ್ನಿಸುತ್ತೇನೆ.

ಸಂಶೋಧನಾಧಾರಿತ ಪಠ್ಯಕ್ರಮ ಎಂಬುದು ಕೇಳಲು ದೊಡ್ಡ ಮಾತು. ಅದರ ಅರ್ಥ ಸರಳ. ಹಿಂದೆ ಪಠ್ಯಕ್ರಮವನ್ನು ರಚಿಸಿದವರು ಗಣಿತಶಾಸ್ತ್ರದ ಅನುಕ್ರಮವನ್ನು ನೋಡಿದರು: ಮೊದಲು ಇದು, ಅನಂತರ ಅದು. ಮಗುವಿನ ಬುದ್ಧಿ ಆ ಅನುಕ್ರಮದಲ್ಲಿಯೇ ಬೆಳೆಯುತ್ತದೆಯೋ ಇಲ್ಲವೋ ಎಂದು ಮಗುವಿನ ಪಕ್ಕದಲ್ಲಿ ಕುಳಿತು ಪರೀಕ್ಷಿಸಿದವರು ವಿರಳ. ಹೀಗೆ ಕುಳಿತು, ಮಗು ಲೆಕ್ಕ ಮಾಡುವುದನ್ನು ನೋಡಿ, ಅದು ತಪ್ಪಿದಾಗ ಏಕೆ ತಪ್ಪಿತೆಂದು ಕೇಳಿ, ಪಾಠವನ್ನು ತಿದ್ದಿ, ಮತ್ತೆ ಮಕ್ಕಳ ಮುಂದಿಟ್ಟು ಒರೆಗೆ ಹಚ್ಚಿದ ಪಠ್ಯಕ್ರಮವೇ ಸಂಶೋಧನಾಧಾರಿತವಾದುದು. ಹೊಸತೆಲ್ಲವೂ ಹಾಗಿರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ೧೯೫೭ರಲ್ಲಿ ರಷ್ಯನರು ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದವರು ಗಾಬರಿಗೊಂಡು ‘ಹೊಸ ಗಣಿತ’ವೆಂಬುದನ್ನು ಶಾಲೆಗಳಿಗೆ ತಂದರು. ದೊಡ್ಡ ದೊಡ್ಡ ಗಣಿತಜ್ಞರು ಕೂಡಿ ಚಿಕ್ಕ ಮಕ್ಕಳಿಗೂ ಗಣಸಿದ್ಧಾಂತವನ್ನು ಬೋಧಿಸಿದರು. ಶಾಸ್ತ್ರ ಶುದ್ಧವಾಗಿತ್ತು, ಮಕ್ಕಳಿಗೆ ದಕ್ಕಲಿಲ್ಲ, ತಾಯಿತಂದೆಗಳಿಗೂ ತಿಳಿಯಲಿಲ್ಲ. ೧೯೭೦ರ ದಶಕದಲ್ಲಿ ಅದನ್ನು ಬಹುಮಟ್ಟಿಗೆ ಕೈಬಿಟ್ಟರು. ಅದರ ಅಲೆ ನಮ್ಮ ದೇಶದ ಪುಸ್ತಕಗಳನ್ನೂ ಮುಟ್ಟಿತ್ತು. ಆದುದರಿಂದ ಹೊಸ ಪುಸ್ತಕ ಬಂದಾಗ ನಾವು ಕೇಳಬೇಕಾದ ಪ್ರಶ್ನೆ, ಇದನ್ನು ಮಕ್ಕಳೊಡನೆ ಪರೀಕ್ಷಿಸಿ ನೋಡಿದ್ದಾರೆಯೇ ಎಂಬುದು.

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ನಲವತ್ತಮೂರರಿಂದ ಇಪ್ಪತ್ತೇಳನ್ನು ಕಳೆಯಲು ಹೇಳಿದಾಗ ಮಗು ಇಪ್ಪತ್ನಾಲ್ಕು ಎಂದು ಬರೆಯುತ್ತದೆ. ನಾವು ಕೆಂಪು ಗೀಟೆಳೆದು, ಅಜಾಗರೂಕತೆಯೆಂದು ಗದರಿಸಿ ಮುಂದೆ ಹೋಗುತ್ತೇವೆ. ಆದರೆ ಅದು ಅಜಾಗರೂಕತೆ ಆಗಿರುವುದಿಲ್ಲ. ಮೂರರಿಂದ ಏಳು ಹೋಗದು. ಏಳರಿಂದ ಮೂರು ಹೋದರೆ ನಾಲ್ಕು. ನಾಲ್ಕರಿಂದ ಎರಡು ಹೋದರೆ ಎರಡು. ‘ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂದು ಒಂದನೆಯ ತರಗತಿಯಲ್ಲಿ ನಾವೇ ಹೇಳಿಕೊಟ್ಟ ನಿಯಮವನ್ನು ಅದು ನಿಷ್ಠೆಯಿಂದ ಪಾಲಿಸಿದೆ! ಮಕ್ಕಳ ತಪ್ಪುಗಳಲ್ಲಿಯೂ ಹೀಗೆ ನಿಯಮವಿರುತ್ತದೆಂದು, ೧೯೭೦ರ ದಶಕದಿಂದೀಚೆಗೆ ಸಾವಿರಾರು ಉತ್ತರಪತ್ರಿಕೆಗಳನ್ನು ಶೋಧಿಸಿದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ನೂರು ಸಲ ಅದೇ ತರಹದ ಲೆಕ್ಕ ಕೊಟ್ಟರೆ ಮಗು ನೂರು ಸಲವೂ ಅದೇ ತಪ್ಪನ್ನು ಅಭ್ಯಾಸ ಮಾಡುತ್ತದೆ. ಅದರ ಬದಲು ಹತ್ತು ಹತ್ತು ಕಡ್ಡಿಗಳ ನಾಲ್ಕು ಕಟ್ಟುಗಳನ್ನೂ ಮೂರು ಬಿಡಿ ಕಡ್ಡಿಗಳನ್ನೂ ಅದರ ಕೈಗೆ ಕೊಟ್ಟು, ಇಪ್ಪತ್ತೇಳು ಕೊಡು ಎಂದು ಕೇಳಿರಿ. ಎರಡು ಕಟ್ಟು ಕೊಟ್ಟು, ಮೂರು ಬಿಡಿ ಕಡ್ಡಿ ಕೊಟ್ಟು, ಸಾಲದೆ ಬಂದಾಗ ಅದು ಮೂರನೆಯ ಕಟ್ಟಿನ ದಾರವನ್ನು ತಾನಾಗಿಯೇ ಬಿಚ್ಚುತ್ತದೆ. ‘ದಶಕ ತೆಗೆದುಕೊಳ್ಳುವುದು’ ಎಂಬ ಮಾತಿನ ಅರ್ಥ ಆ ದಾರ ಬಿಚ್ಚುವಾಗ ತಿಳಿಯುತ್ತದೆ. ಮೊದಲು ಕೈಯಲ್ಲಿ ಹಿಡಿಯುವ ವಸ್ತು, ಆಮೇಲೆ ಅದರ ಚಿತ್ರ, ಕೊನೆಗೆ ಅಂಕಿ: ಹೊಸ ಪಠ್ಯಕ್ರಮಗಳ ಬೆನ್ನೆಲುಬು ಈ ಕ್ರಮವೇ.

ಇನ್ನೊಂದನ್ನು ನೀವು ಈ ರಾತ್ರಿ ಮನೆಯಲ್ಲಿಯೇ ಪರೀಕ್ಷಿಸಬಹುದು. ೮ + ೪ = □ + ೫ ಎಂದು ಬರೆದು, ಚೌಕದೊಳಗೆ ಯಾವ ಸಂಖ್ಯೆ ಬರಬೇಕೆಂದು ಮಕ್ಕಳನ್ನು ಕೇಳಿರಿ. ಸರಿಯಾದ ಉತ್ತರ ಏಳು. ಹನ್ನೆರಡು ಅಥವಾ ಹದಿನೇಳು ಎಂಬ ಉತ್ತರ ಬಂದರೆ ಬೈಯಬೇಡಿರಿ. ೧೯೯೯ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆರನೆಯ ತರಗತಿಯ ೧೪೫ ಮಕ್ಕಳಲ್ಲಿ ಒಬ್ಬರೂ ಏಳೆನ್ನಲಿಲ್ಲ. ಎಲ್ಲರೂ ಈ ಎರಡು ತಪ್ಪು ಉತ್ತರಗಳಲ್ಲಿ ಒಂದನ್ನೇ ಕೊಟ್ಟರು. ಸಮ ಚಿಹ್ನೆಯೆಂದರೆ ‘ಇಲ್ಲಿ ಉತ್ತರ ಬರೆ’ ಎಂಬ ಅಪ್ಪಣೆಯೆಂದು ಅವರು ತಿಳಿದಿದ್ದರು. ತಕ್ಕಡಿಯ ಎರಡು ತಟ್ಟೆಗಳೂ ಸಮತೂಕದಲ್ಲಿವೆ ಎಂಬುದು ಅದರ ಅರ್ಥವೆಂದು ಯಾರೂ ತಿಳಿಸಿರಲಿಲ್ಲ. ಹೀಗೆ ತಿಳಿದ ಮಗುವಿಗೆ ಏಳನೆಯ ತರಗತಿಯ ಬೀಜಗಣಿತ ಹೇಗೆ ದಕ್ಕೀತು? ಸಂತೆಯಲ್ಲಿ ತಕ್ಕಡಿ ಹಿಡಿದ ತಾಯಿಯ ಮಗುವಿಗೆ ಈ ಅರ್ಥವನ್ನು ತಿಳಿಸಿಕೊಡುವುದು ನಿಜವಾಗಿ ಬಹು ಸುಲಭ.

ಸಂತೆಯ ಮಾತು ಬಂದುದರಿಂದ ನಮ್ಮ ಮಕ್ಕಳ ಸಂಗತಿಗೇ ಬರುತ್ತೇನೆ. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಗಳಲ್ಲಿ ತೆಂಗಿನಕಾಯಿ, ಹಣ್ಣು ಮಾರುತ್ತಿದ್ದ ಐವರು ಮಕ್ಕಳನ್ನು ಕುರಿತು ತೆರೆಜಿನ್ಯಾ ಕರಾಹೆರ್ ಮತ್ತು ಅವರ ಸಂಗಡಿಗರು ೧೯೮೫ರಲ್ಲಿ ಒಂದು ಲೇಖನ ಪ್ರಕಟಿಸಿದರು. ಗಿರಾಕಿಗಳಂತೆ ನಿಂತು ಕೇಳಿದಾಗ ಆ ಮಕ್ಕಳು ನೂರಕ್ಕೆ ೯೮ರಷ್ಟು ಸರಿಯಾಗಿ ಲೆಕ್ಕ ಹೇಳಿದರು. ಅಂಥವೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಕತೆಯ ರೂಪದಿಂದ ಕೊಟ್ಟಾಗ ೭೪. ಬರಿಯ ಅಂಕಿಗಳಾಗಿ ಕೊಟ್ಟಾಗ ೩೭! ಒಂದಕ್ಕೆ ಮೂವತ್ತೈದರಂತೆ ಹತ್ತು ಕಾಯಿಗೆ ಎಷ್ಟೆಂದು ಕೇಳಿದರೆ ಹುಡುಗ ಪಕ್ಕದಲ್ಲೊಂದು ಸೊನ್ನೆ ಹಾಕಲಿಲ್ಲ. ಮೂರು ಕಾಯಿಗೆ ನೂರೈದು, ಇನ್ನೂ ಮೂರಕ್ಕೆ ಇನ್ನೂರಹತ್ತು, ಮತ್ತೆ ಮೂರಕ್ಕೆ ಮುನ್ನೂರಹದಿನೈದು, ಉಳಿದ ಒಂದು ಸೇರಿ ಮುನ್ನೂರೈವತ್ತು ಎಂದು ಗುಂಪು ಗುಂಪಾಗಿ ಕೂಡಿಸಿದ. ಐದೇ ಮಕ್ಕಳ ಮೇಲಿನ ಅಧ್ಯಯನವದು. ಅದರಿಂದ ಜಗತ್ತಿನ ಮಕ್ಕಳೆಲ್ಲರ ಬಗ್ಗೆ ತೀರ್ಮಾನ ಮಾಡಲಾಗದು ಎಂದು ಆಕ್ಷೇಪಿಸಬಹುದು. ಆದರೆ ಅದೇ ಪ್ರಶ್ನೆಯನ್ನು ಕೋಲ್ಕತ್ತ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಫಲಿತಾಂಶ ೨೦೨೫ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತು. ೨೦೧೯ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರು ಅದರ ಲೇಖಕರ ಪೈಕಿ ಇದ್ದಾರೆ. ಅಲ್ಲಿಯೂ ಅಂಗಡಿಯಲ್ಲಿ ದುಡಿಯುವ ಮಕ್ಕಳು ತೊಡಕಾದ ವ್ಯಾಪಾರದ ಲೆಕ್ಕಗಳನ್ನು ಮನಸ್ಸಿನಲ್ಲಿಯೇ ಮಾಡಿ, ಪುಸ್ತಕದ ಲೆಕ್ಕಗಳಲ್ಲಿ ಎಡವಿದರು. ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳ ಸ್ಥಿತಿ ಇದಕ್ಕೆ ವಿಪರೀತ: ಪುಸ್ತಕದ ಲೆಕ್ಕ ಬಂದಿತು, ಸಂತೆಯ ಲೆಕ್ಕ ಬರಲಿಲ್ಲ. ಎರಡು ದಡಗಳಿದ್ದು ನಡುವೆ ಸೇತುವೆಯಿಲ್ಲ.

ಮಾಪುಸಾದ ಶುಕ್ರವಾರದ ಸಂತೆಯಲ್ಲಿ, ವಾಸ್ಕೊದ ಪೇಟೆಯಲ್ಲಿ ತಾಯಿಯ ಪಕ್ಕ ಕುಳಿತ ನಮ್ಮ ಹುಡುಗಿಯನ್ನು ನೋಡಿರಿ. ಮೊಳಕ್ಕೆ ಮೂವತ್ತರಂತೆ ಎರಡೂವರೆ ಮೊಳ ಹೂವಿಗೆ ಇನ್ನೂರರ ನೋಟಿನಿಂದ ಎಷ್ಟು ಹಿಂದಿರುಗಿಸಬೇಕೆಂದು ಅವಳು ಹೂವು ಕತ್ತರಿಸುವಷ್ಟರಲ್ಲಿ ಹೇಳುತ್ತಾಳೆ. ಅವಳೇ ನಾಳೆ ತರಗತಿಯಲ್ಲಿ ಎರಡೂವರೆಯನ್ನು ಮೂವತ್ತರಿಂದ ಗುಣಿಸಲು ಬಾರದೆ ತಲೆ ತಗ್ಗಿಸಿ ನಿಲ್ಲುತ್ತಾಳೆ. ಮಕ್ಕಳನ್ನು ಸಂತೆಯಲ್ಲಿ ಕೂರಿಸಿರೆಂದು ನಾನು ಹೇಳುತ್ತಿಲ್ಲ. ಅವರ ಸ್ಥಳ ಶಾಲೆ. ಆದರೆ ಅವರು ತಲೆಯಲ್ಲಿ ಹೊತ್ತುತಂದ ಜ್ಞಾನವನ್ನು ಶಾಲೆ ಹೊರಬಾಗಿಲಿನಲ್ಲಿಯೇ ಇಳಿಸಿಬಿಡುವುದು ಅನ್ಯಾಯ. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಆ ನಗರದ ದಟ್ಟವಾದ ಬಡ ವಸತಿಯೊಂದರಲ್ಲಿ, ಮನೆಯ ಕಸುಬುಗಳಲ್ಲಿ ಕೈಜೋಡಿಸುವ ಶಾಲಾಮಕ್ಕಳ ಗಣಿತಜ್ಞಾನವನ್ನು ಹೀಗೆಯೇ ಅಭ್ಯಸಿಸಿದ್ದಾರೆ. ಆ ಕೇಂದ್ರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗ. ಆ ಸಂಸ್ಥೆಯಲ್ಲಿ ಹಲವು ವರ್ಷ ಗಣಿತಜ್ಞರಾಗಿದ್ದ ದಾಮೋದರ ಧರ್ಮಾನಂದ ಕೋಸಂಬಿಯವರು ೧೯೦೭ರಲ್ಲಿ ಹುಟ್ಟಿದ್ದು ಗೋವೆಯಲ್ಲಿಯೇ. ಅವರ ತಂದೆ, ಪಾಲಿ ವಿದ್ವಾಂಸ ಧರ್ಮಾನಂದರ ಹುಟ್ಟೂರು ಸಾಂಕವಾಳ. ನಮ್ಮ ಝುವಾರಿನಗರವಿರುವುದು ಆ ಗ್ರಾಮದ ಎಲ್ಲೆಯೊಳಗೇ. ಇದು ಪ್ರಾಸಂಗಿಕವಾದ ಮಾತು, ಆದರೆ ನಮ್ಮ ಮಕ್ಕಳಿಗೆ ತಿಳಿಸತಕ್ಕದ್ದು.

ಇನ್ನು ಭಾಷೆಯ ವಿಚಾರ. ಇದನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ. ಕನ್ನಡ ಸಂಘದಲ್ಲಿ ಹೇಳದಿದ್ದರೆ ಇನ್ನೆಲ್ಲಿ ಹೇಳುವುದು?

ಕನ್ನಡದ ಸಂಖ್ಯಾವಾಚಕಗಳನ್ನು ಎಂದಾದರೂ ಕಿವಿಗೊಟ್ಟು ಕೇಳಿದ್ದೇವೆಯೇ? ಇಪ್ಪತ್ತೊಂದು ಎಂದರೆ ಇಪ್ಪತ್ತು ಮತ್ತು ಒಂದು. ಐವತ್ತೊಂಬತ್ತು ಎಂದರೆ ಐವತ್ತು ಮತ್ತು ಒಂಬತ್ತು. ಹನ್ನೊಂದು, ಹದಿಮೂರು ಎಂಬಲ್ಲಿಯೂ ಹತ್ತು ಮುಂದೆ, ಬಿಡಿ ಹಿಂದೆ. ಬರೆಯುವಾಗಲೂ ಅದೇ ಕ್ರಮ: ಎಡಕ್ಕೆ ಹತ್ತು, ಬಲಕ್ಕೆ ಬಿಡಿ. ಕಿವಿ ಕೇಳಿದ್ದನ್ನೇ ಕೈ ಬರೆಯುತ್ತದೆ. ತೊಂಬತ್ತು, ಒಂಬೈನೂರು ಎಂಬಲ್ಲಿ ಮಾತ್ರ ರೂಪ ತುಸು ವಿಲಕ್ಷಣ. ನಮ್ಮ ನೆರೆಯ ಮರಾಠಿ, ಕೊಂಕಣಿಗಳಲ್ಲಿ ಬಿಡಿ ಮುಂದೆ, ಹತ್ತು ಹಿಂದೆ: ಏಕವೀಸ, ಪಂಚವೀಸ. ಮರಾಠಿಯಲ್ಲಿ ಐವತ್ತೊಂಬತ್ತಕ್ಕೆ ಏಕೋಣಸಾಠ, ಅರುವತ್ತಕ್ಕೆ ಒಂದು ಕಡಿಮೆ ಎಂದರ್ಥ. ನೂರರವರೆಗಿನ ಹೆಸರುಗಳನ್ನು ಹೆಚ್ಚು ಕಡಿಮೆ ಒಂದೊಂದಾಗಿಯೇ ನೆನಪಿಡಬೇಕು. ಇಂಗ್ಲಿಷಿನಲ್ಲಿ ಇಲೆವೆನ್, ಟ್ವೆಲ್ವ್ ಎಂಬವು ಹತ್ತರ ಸುಳಿವನ್ನೇ ಕೊಡುವುದಿಲ್ಲ. ಥರ್ಟೀನ್, ಥರ್ಟಿಗಳ ನಡುವೆ ಕಿವಿ ಮೋಸ ಹೋಗುತ್ತದೆ. ಸಂಖ್ಯೆಯ ಹೆಸರು ನೇರವಾಗಿರುವ ಚೀನಾ, ಜಪಾನ್, ಕೊರಿಯಾ ಭಾಷೆಗಳ ಮಕ್ಕಳು ಎಣಿಕೆಯನ್ನೂ ಸ್ಥಾನಬೆಲೆಯನ್ನೂ ಬೇಗ ಗ್ರಹಿಸುವರೆಂದು ೧೯೮೦ರ ದಶಕದಿಂದ ನಡೆದ ಹಲವು ಅಧ್ಯಯನಗಳು ತೋರಿಸಿವೆ. ಹೆಸರೊಂದೇ ಕಾರಣವಲ್ಲ, ಮನೆಯ ಶಿಸ್ತೂ ಶಾಲೆಯ ಕ್ರಮವೂ ಸೇರಿವೆ ಎಂದು ವಾದಿಸುವವರಿದ್ದಾರೆ. ಅದೂ ಒಪ್ಪತಕ್ಕ ಮಾತೇ. ಆದರೂ ಕನ್ನಡದ ಮಗುವಿಗೆ ಅಂಥ ನೇರವಾದ ಹೆಸರುಗಳು ತಾಯಿಯ ಬಾಯಿಂದ ಉಚಿತವಾಗಿ ದೊರೆತಿವೆ ಎಂಬುದರಲ್ಲಿ ಸಂದೇಹವಿಲ್ಲ.

ಭಿನ್ನರಾಶಿಗಳಲ್ಲಿಯೂ ಹೀಗೆಯೇ. ‘ಮುಕ್ಕಾಲು’ ಎಂದರೆ ಮೂರು ಕಾಲು. ಹೆಸರಿನಲ್ಲಿಯೇ ಲೆಕ್ಕವಿದೆ. ‘ಐದರಲ್ಲಿ ಮೂರು ಪಾಲು’ ಎಂದಾಗ ಮೊದಲು ಇಡಿಯನ್ನು ಐದು ಮಾಡಿದ್ದು, ಆಮೇಲೆ ಮೂರನ್ನು ತೆಗೆದದ್ದು ಕಣ್ಣಿಗೆ ಕಟ್ಟುತ್ತದೆ. ಇಂಗ್ಲಿಷಿನ ‘ತ್ರೀ ಫಿಫ್ತ್ಸ್’ ಎಂಬುದರಲ್ಲಿ ಈ ದೃಶ್ಯ ಕಾಣಿಸದು. ವ್ಯವಕಲನದ ಮಾತು ನೋಡಿರಿ. ‘ಹನ್ನೆರಡರಿಂದ ಏಳನ್ನು ಕಳೆ’ ಎನ್ನುತ್ತೇವೆ. ಹನ್ನೆರಡು ಮೊದಲು, ಏಳು ಆಮೇಲೆ, ಬರೆಯುವುದೂ ೧೨ – ೭. ಇಂಗ್ಲಿಷಿನಲ್ಲಿ ‘ಸಬ್‌ಟ್ರ್ಯಾಕ್ಟ್ ಸೆವೆನ್ ಫ್ರಮ್ ಟ್ವೆಲ್ವ್’. ಏಳು ಮೊದಲು ಕೇಳಿತೆಂದು ಐದನೆಯ ತರಗತಿಯ ನಮ್ಮ ಮಗು ೭ – ೧೨ ಎಂದು ಬರೆದರೆ, ಅದು ಗಣಿತದ ತಪ್ಪೋ, ಭಾಷೆಯ ತಪ್ಪೋ? ಇದನ್ನು ಬೇರ್ಪಡಿಸಿ ನೋಡುವ ಕಣ್ಣು ಶಿಕ್ಷಕರಿಗೆ ಬರಬೇಕು. ಸಂಶೋಧನೆಯಿಂದ ಆಗುವ ಉಪಕಾರ ಇಂಥದು.

ಮಹಾರಾಷ್ಟ್ರದಲ್ಲಿ ೨೦೧೯ರಲ್ಲಿ ನಡೆದ ಪ್ರಸಂಗ ಇಲ್ಲಿ ಸ್ಮರಣೀಯ. ಅಲ್ಲಿನ ಪಠ್ಯಪುಸ್ತಕ ಮಂಡಲವಾದ ‘ಬಾಲಭಾರತಿ’ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ಏಕವೀಸ’ ಎಂಬ ರೂಢಿಯ ಹೆಸರಿನ ಜೊತೆಗೆ ‘ವೀಸ ಏಕ’ ಎಂಬ ನೇರವಾದ ಕ್ರಮವನ್ನೂ ಕಲಿಸಲು ತೊಡಗಿತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದವರು ಗಣಿತಜ್ಞೆ ಮಂಗಲಾ ನಾರಳೀಕರ್. ಚಿಕ್ಕ ಮಕ್ಕಳಿಗೆ ಇದರಿಂದ ಸಂಖ್ಯೆಯ ಅರ್ಥ ಸುಲಭವಾಗುವುದೆಂಬುದು ಅವರ ವಾದ. ಕೂಡಲೇ ಪತ್ರಿಕೆಗಳಲ್ಲಿ ಕೋಲಾಹಲ, ವಿಧಾನಸಭೆಯಲ್ಲಿ ಪ್ರಶ್ನೆ, ಪರಿಹಾಸ್ಯ. ಭಾಷೆಯ ಸೊಬಗು ಕೆಟ್ಟಿತೆಂದು ಹಲವರು ನೊಂದರು. ಅವರ ಭಾಷಾಭಿಮಾನವನ್ನು ನಾನು ಹಳಿಯುವುದಿಲ್ಲ. ಆದರೆ ನನಗೆ ಮುಖ್ಯವಾಗಿ ತೋರಿದ್ದು ಬೇರೆ: ನೆರೆಯ ನಾಡಿನವರು ಸಮಿತಿ ಕೂಡಿಸಿ, ಬೈಗುಳ ತಿಂದು ತಮ್ಮ ಮಕ್ಕಳಿಗಾಗಿ ತರಲು ಹೆಣಗಿದ ಅನುಕೂಲ ನಮ್ಮ ಭಾಷೆಯಲ್ಲಿ ಹುಟ್ಟಿನಿಂದಲೇ ಇದೆ, ನಾವೋ ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಮನೆಯಲ್ಲಿ ‘ವನ್ ಟೂ ತ್ರೀ’ ಹೇಳಿಸಿ, ಅದನ್ನು ಮರೆಸಲು ಆತುರಪಡುತ್ತೇವೆ.

ಕನ್ನಡಕ್ಕೆ ಗಣಿತ ಹೊಸದಲ್ಲ. ೧೨ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದ. ಹೆಸರೇ ಹೇಳುವಂತೆ ವ್ಯವಹಾರಕ್ಕೂ ಶಾಸ್ತ್ರಕ್ಕೂ ನಡುವೆ ಸೇತುವೆ ಕಟ್ಟುವ ಯತ್ನವದು. ಈಚಿನ ಕಾಲಕ್ಕೆ ಬಂದರೆ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ೧೯೯೫ರಲ್ಲಿ ಶಿಕ್ಷಕರೇ ಮುಂದಾಗಿ, ಋಷಿವ್ಯಾಲಿಯ ಮಾದರಿಯನ್ನು ನೋಡಿಬಂದು ‘ನಲಿ ಕಲಿ’ಯನ್ನು ಆರಂಭಿಸಿದರು. ಅಲ್ಲಿ ಮಗು ತರಗತಿಯ ವೇಗಕ್ಕಲ್ಲ, ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತುತ್ತದೆ. ೨೦೦೯ರ ಸುಮಾರಿಗೆ ಅದು ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಅದರ ಮುಂದಿನ ದಶಕದಲ್ಲಿ ಬೆಂಗಳೂರಿನ ಅಕ್ಷರ ಫೌಂಡೇಷನ್ನಿನವರು ಸರಕಾರದೊಡನೆ ಸೇರಿ ನಾಲ್ಕು ಐದನೆಯ ತರಗತಿಗಳಿಗಾಗಿ ‘ಗಣಿತ ಕಲಿಕಾ ಆಂದೋಲನ’ವನ್ನು ನಡೆಸಿದರು. ಮಣಿಚೌಕಟ್ಟು, ಹತ್ತರ ಕಟ್ಟುಗಳು, ಭಿನ್ನರಾಶಿಯ ತುಂಡುಗಳು, ತಕ್ಕಡಿ, ಆಟದ ನೋಟುಗಳು ಇರುವ ಪೆಟ್ಟಿಗೆಯನ್ನು ಶಾಲೆಗೆ ಕೊಟ್ಟು, ಅದನ್ನು ಬಳಸುವ ಬಗೆಯನ್ನು ಶಿಕ್ಷಕ ಶಿಕ್ಷಕಿಯರಿಗೆ ಕಲಿಸಿ, ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಊರವರ ಎದುರಿನಲ್ಲಿಯೇ ಮಕ್ಕಳಿಗೆ ಗಣಿತ ಸ್ಪರ್ಧೆಗಳನ್ನು ಏರ್ಪಡಿಸಿದರು. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಇದರ ಮುಖ್ಯ ಕ್ಷೇತ್ರಗಳಾಗಿದ್ದವು. ಅಂದರೆ ನಮ್ಮಲ್ಲಿ ಹಲವರ ಅಣ್ಣತಮ್ಮಂದಿರ ಮಕ್ಕಳು ಊರಿನಲ್ಲಿ ಈ ಕ್ರಮದಲ್ಲಿ ಕನ್ನಡದಲ್ಲಿಯೇ ಕಲಿತಿದ್ದಾರೆ.

ದೇಶದ ಮಟ್ಟದಲ್ಲಿ, ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಚೆನ್ನೈಯ ಆರ್. ರಾಮಾನುಜಂ ಅವರ ಅಧ್ಯಕ್ಷತೆಯ ಸಮಿತಿ ಗಣಿತ ಶಿಕ್ಷಣವನ್ನು ಪರಿಶೀಲಿಸಿತು. ಬಹುಪಾಲು ಮಕ್ಕಳಲ್ಲಿ ಭಯ ಮತ್ತು ಸೋಲಿನ ಭಾವನೆ, ಜಾಣರಿಗೂ ಬೇಸರ, ಉಳಿದವರಿಗೂ ನಿರಾಶೆ, ಯಾಂತ್ರಿಕವಾದ ಪರೀಕ್ಷೆ, ಸಿದ್ಧತೆಯಿಲ್ಲದ ಶಿಕ್ಷಕರು. ಅವರು ಕಂಡ ರೋಗಗಳು ಇವು. ಆ ಚಿಂತನೆಯಿಂದ ಹೊರಟ ‘ಮ್ಯಾಥ್ ಮ್ಯಾಜಿಕ್’ ಪುಸ್ತಕಗಳಲ್ಲಿ ನಾಲ್ಕನೆಯ ತರಗತಿಯ ಮೊದಲ ಪಾಠ ಇಟ್ಟಿಗೆಯ ಜೋಡಣೆಯನ್ನು ಕುರಿತದ್ದು. ಐದನೆಯದರ ಮೊದಲ ಪಾಠ ಮೀನುಗಾರರನ್ನು ಕುರಿತದ್ದು. ಗೋವೆಯಲ್ಲಿ ಇಟ್ಟಿಗೆ ಹೊತ್ತವರ ಮಕ್ಕಳಿಗೂ, ಮೀನುಪೇಟೆಯನ್ನು ದಿನವೂ ಕಾಣುವ ಮಕ್ಕಳಿಗೂ ಇದಕ್ಕಿಂತ ಒಪ್ಪುವ ಪಾಠ ಯಾವುದು? ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು ೨೦೨೩ರ ಹೊಸ ಚೌಕಟ್ಟಿನ ಮೇಲೆ ಹಿಂದಿನ ಪುಸ್ತಕಗಳ ಸ್ಥಾನಕ್ಕೆ ‘ಮ್ಯಾಥ್ಸ್ ಮೇಳ’, ‘ಗಣಿತ ಪ್ರಕಾಶ್’ ಎಂಬ ಹೊಸ ಪುಸ್ತಕಗಳು ೨೦೨೪ರಿಂದ ಬಂದಿವೆ. ಗೋವೆಯೂ ೨೦೨೩-೨೪ರಲ್ಲಿ ಬುನಾದಿ ಹಂತದಿಂದ ಈ ನೀತಿಯ ಆಚರಣೆಯನ್ನು ಆರಂಭಿಸಿತು. ಆದುದರಿಂದ ಅಂಗೀಕರಿಸಬೇಕೇ ಬೇಡವೇ ಎಂಬ ಪ್ರಶ್ನೆ ಕಾಗದದ ಮೇಲೆ ಬಹುಮಟ್ಟಿಗೆ ಮುಗಿದಿದೆ. ತರಗತಿಯೊಳಗೆ ಅದಿನ್ನೂ ಆರಂಭವಾಗಬೇಕಾಗಿದೆ. ಪೆಟ್ಟಿಗೆ ಬಂದು ಬೀಗ ಹಾಕಿದ ಕಪಾಟಿನಲ್ಲಿ ಕುಳಿತರೆ, ಸಾಮಾನು ಕಳೆದುಹೋದೀತೆಂಬ ಹೆದರಿಕೆಯಿಂದ ಮಕ್ಕಳ ಕೈಗೆ ಬಾರದಿದ್ದರೆ, ಪಠ್ಯಕ್ರಮ ಎಷ್ಟು ಉತ್ತಮವಾಗಿದ್ದರೇನು?

ಹಿರಿಯರ ಆಕ್ಷೇಪವೊಂದಿದೆ. ‘ನಾವು ಮಗ್ಗಿ ಬಾಯಿಪಾಠ ಮಾಡಿಯೇ ಕಲಿತೆವು, ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನೂ ಹೇಳುತ್ತಿದ್ದೆವು. ಕಡ್ಡಿ ಬೀಜಗಳ ಆಟದಿಂದ ಏನಾದೀತು?’ ಮಗ್ಗಿಯನ್ನು ಬಿಡಬೇಕೆಂದು ಸಂಶೋಧನೆ ಹೇಳಿಲ್ಲ. ಏಳೆಂಟಲಿ ಐವತ್ತಾರು ಎಂಬುದು ನಾಲಗೆಯ ತುದಿಯಲ್ಲಿದ್ದರೆ ಮನಸ್ಸಿಗೆ ಮುಂದಿನ ಹೆಜ್ಜೆಯನ್ನು ಯೋಚಿಸಲು ಬಿಡುವಾಗುತ್ತದೆ ಎಂದೇ ಅದು ಹೇಳುತ್ತದೆ. ಮೊದಲು ಏಳು ಸಾಲಿನಲ್ಲಿ ಎಂಟೆಂಟು ಬೀಜ ಜೋಡಿಸಿ ನೋಡಲಿ, ಆಮೇಲೆ ಹಾಡಲಿ. ಆಗ ಮಧ್ಯದಲ್ಲಿ ಮರೆತರೂ ಮೊದಲಿನಿಂದ ಹಾಡಬೇಕಾಗಿಲ್ಲ. ಏಳೇಳಲಿ ನಲವತ್ತೊಂಬತ್ತಕ್ಕೆ ಏಳು ಸೇರಿಸಿಕೊಳ್ಳುತ್ತದೆ. ಮಗ್ಗಿಯನ್ನು ಲಯಬದ್ಧವಾಗಿ ಹಾಡುವ ನಮ್ಮ ಪದ್ಧತಿಯನ್ನು ಕಳೆದುಕೊಂಡರೆ ನನಗೂ ವ್ಯಥೆಯಾದೀತು.

ಇನ್ನು, ಹೊಸ ಕ್ರಮ ನಮಗೇ ತಿಳಿಯದು, ಮನೆಯಲ್ಲಿ ಹೇಳಿಕೊಡುವುದು ಹೇಗೆ ಎಂದು ತಾಯಿತಂದೆಗಳು ಹಿಂಜರಿಯುವುದುಂಟು. ಗೋವೆಯ ಹಳೆಯ ಅಂಗಡಿಕಾರರನ್ನು ನೆನೆಯಿರಿ. ೧೯೫೮ರ ಕೊನೆಯವರೆಗೆ ಹದಿನಾರು ಟಾಂಗಾಗಳ ಪೋರ್ಚುಗೀಸ್ ರೂಪಾಯಿ; ೧೯೫೯ರಿಂದ ರೂಪಾಯಿಗೆ ಆರರಂತೆ ಎಸ್ಕುದೊ; ೧೯೬೧ರ ಡಿಸೆಂಬರಿನಲ್ಲಿ ವಿಮೋಚನೆಯಾದ ಮೇಲೆ ನೂರು ಪೈಸೆಯ ಭಾರತದ ರೂಪಾಯಿ. ನಾಲ್ಕೈದು ವರ್ಷಗಳೊಳಗೆ ಮೂರು ನಾಣ್ಯ! ಒಂದಕ್ಷರ ಓದದವರೂ ಕಲಿತರು, ಏಕೆಂದರೆ ಪ್ರತಿಯೊಂದನ್ನೂ ತಾವು ಬಲ್ಲ ಹಳೆಯ ಬೆಲೆಗೆ ಹೋಲಿಸಿಕೊಂಡರು. ಸಂಶೋಧಕರು ಮಕ್ಕಳಿಗಾಗಿ ಹೇಳುವುದೂ ಇದನ್ನೇ.

ಆದುದರಿಂದ ಸಂಘದ ಮುಂದೆ ಒಂದು ಸಣ್ಣ ಕೆಲಸವನ್ನು ಇಡುತ್ತೇನೆ. ನಾಲ್ಕನೆಯ ತರಗತಿ ಮುಗಿದು ಐದನೆಯದು ಆರಂಭವಾಗುವ ನಡುವಿನ ಬಿಡುವಿನಲ್ಲಿ, ಇದೇ ಸಭಾಗೃಹದಲ್ಲಿ, ದಿನಕ್ಕೆ ಒಂದೂವರೆ ಗಂಟೆಯಂತೆ ಮೂರು ವಾರ ಗಣಿತದ ವರ್ಗವೊಂದನ್ನು ನಡೆಸೋಣ. ಇಂಗ್ಲಿಷ್ ಕಲಿಸುವ ವರ್ಗವಾಗಿ ಅದನ್ನು ಮಾಡುವುದು ಬೇಡ. ಕನ್ನಡದಲ್ಲಿ ತಿಳಿದ ಲೆಕ್ಕವನ್ನು ಕನ್ನಡದಲ್ಲಿಯೇ ಗಟ್ಟಿಮಾಡಿ, ಅದರ ಮೇಲೆ ಇಂಗ್ಲಿಷಿನ ಹೆಸರನ್ನು ಹಚ್ಚಬೇಕು: ಸ್ಥಾನಬೆಲೆಗೆ ಪ್ಲೇಸ್ ವ್ಯಾಲ್ಯೂ, ಶೇಷಕ್ಕೆ ರಿಮೈಂಡರ್, ಸುತ್ತಳತೆಗೆ ಪೆರಿಮೀಟರ್, ಭಿನ್ನರಾಶಿಗೆ ಫ್ರ್ಯಾಕ್ಷನ್. ಇಂಥ ಅರುವತ್ತು ಎಪ್ಪತ್ತು ಶಬ್ದಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರೆ ಮಾಧ್ಯಮಿಕ ಶಾಲೆಯ ಮೊದಲ ವರ್ಷಕ್ಕೆ ಸಾಕಾದೀತು. ಕರ್ನಾಟಕದ ಕನ್ನಡ ಪಠ್ಯಪುಸ್ತಕಗಳೂ ರಾಷ್ಟ್ರೀಯ ಮಂಡಲಿಯ ಪುಸ್ತಕಗಳೂ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟುಕೊಂಡು ಕಲಿಸಬಹುದು. ಕಾಲೇಜಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು, ಈ ಹೊಸ್ತಿಲನ್ನು ದಾಟಿಬಂದವರು, ಕಲಿಸಲು ಮುಂದೆ ಬರಲಿ. ಎಲ್ಲಿ ಎಡವಿದೆವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ವರ್ಗದ ಮೊದಲ ದಿನ ಒಂದು, ಕೊನೆಯ ದಿನ ಒಂದು ಸಣ್ಣ ಪರೀಕ್ಷೆ ಕೊಟ್ಟು, ಅಂಕಗಳನ್ನು ಮಾತ್ರವಲ್ಲದೆ ಪ್ರತಿ ಮಗುವಿನ ತಪ್ಪಿನ ಬಗೆಯನ್ನೂ ಬರೆದಿಡಬೇಕು. ಮಗು ಐದನೆಯ ತರಗತಿಗೆ ಸೇರುವಾಗ ಆ ಕಾಗದವನ್ನು ಹೊಸ ಶಾಲೆಯ ಶಿಕ್ಷಕರ ಕೈಗೆ ತಲುಪಿಸಿದರೆ, ‘ಕನ್ನಡ ಶಾಲೆಯಿಂದ ಬಂದದ್ದು, ಲೆಕ್ಕ ಬಾರದು’ ಎಂಬ ಸಿದ್ಧ ತೀರ್ಪು ಅಷ್ಟು ಸುಲಭವಾಗಿ ಹೊರಬೀಳದು.

ಖರ್ಚಿನ ಮಾತು ಯಾರಾದರೂ ಎತ್ತುವ ಮೊದಲೇ ಹೇಳಿಬಿಡುತ್ತೇನೆ. ಪೊರಕೆಯ ಕಡ್ಡಿ ಎರಡು ಹಿಡಿ, ದಾರದ ಉಂಡೆ ಒಂದು, ಹುಣಸೆಬೀಜ ಮನೆಗೊಂದು ಬೊಗಸೆ, ಒಂದು ತಕ್ಕಡಿ, ಕರಿಹಲಗೆ ಸಂಘದಲ್ಲಿಯೇ ಇದೆ. ತಕ್ಕಡಿಯನ್ನು ಪೇಟೆಯ ನಮ್ಮ ಬಂಧುಗಳಲ್ಲಿ ಒಬ್ಬರು ಮೂರು ವಾರ ಕಡವಾಗಿ ಕೊಟ್ಟರೆ ಸಾಕು. ಹೆಸರು ಕೊಡಲಿಚ್ಛಿಸುವ ತರುಣರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಬೇಕೆಂದು ಕೋರುತ್ತೇನೆ.